ಹದಿನೈದು ದಿನದ ಗುರುಗಳು

'ಸೇವೆ' ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಅದಕ್ಕಿರುವ ಗೌರವವೂ ದೊಡ್ಡದು. ದೇವರಿಗೆ ಸಲ್ಲಿಸುವುದು ಸೇವೆ, ಗುರುವಿಗೆ ಸಲ್ಲಿಸುವುದು ಸೇವೆ, ದೀನರಿಗೆ ಸಲ್ಲಿಸುವುದೂ ಸೇವೆಯೇ. ಈ ಮಾತು ಕಿವಿಗೆ ಬಿದ್ದೊಡನೆ ನಮ್ಮ ತಲೆ ತಾನಾಗಿ ಬಾಗುತ್ತದೆ. ಸೇವೆಗೆ ಹೊರಟವನನ್ನು ತಡೆದು ನಿಲ್ಲಿಸಿ, "ಅಯ್ಯಾ, ನಿನ್ನ ಸೇವೆಯಿಂದ ಯಾರಿಗೆ ಏನಾಯಿತು?" ಎಂದು ಕೇಳುವುದು ಅವಿನಯವೆಂದೇ ನಾವು ತಿಳಿದಿದ್ದೇವೆ. ಆದರೆ ಸೇವೆ ಮಾಡಿಸಿಕೊಳ್ಳುವವರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಅವರು ಬಡವರು, ಮೇಲಾಗಿ ಮರ್ಯಾದಸ್ಥರು. ಆದ್ದರಿಂದ ಬಾಯಿಬಿಟ್ಟು ಕೇಳುವುದಿಲ್ಲ. ಅವರ ಪರವಾಗಿ ಆ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಬೇಕೆಂದು ನನಗೆ ತೋರಿದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಗೆಯ ರಜೆ ಬಂತೆಂದರೆ, ಚರ್ಚುಗಳ ತರುಣ ತರುಣಿಯರು ಗುಂಪುಗುಂಪಾಗಿ ಹೊರನಾಡುಗಳ ಹಳ್ಳಿಗಳಿಗೆ ಹೊರಡುತ್ತಾರೆ. ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್ ಮೊದಲಾದ ನೆರೆಯ ದೇಶಗಳು ಅವರಿಗೆ ಹತ್ತಿರ. ಒಂದು ವಾರ, ಹೆಚ್ಚೆಂದರೆ ಎರಡು ವಾರ ಅಲ್ಲಿ ತಂಗುತ್ತಾರೆ. ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ, ಮಕ್ಕಳನ್ನು ಕೂಡಿಸಿಕೊಂಡು ಹಾಡು ಹೇಳಿಸುತ್ತಾರೆ, ಬೈಬಲಿನ ಕಥೆ ಹೇಳುತ್ತಾರೆ, ನಾಲ್ಕಾರು ಇಂಗ್ಲಿಷ್ ಮಾತುಗಳನ್ನು ಕಲಿಸುತ್ತಾರೆ, ಚೆಂಡಾಡುತ್ತಾರೆ. ಹೊರಡುವ ದಿನ ಮಕ್ಕಳನ್ನು ಅಪ್ಪಿಕೊಂಡು ಕಣ್ಣೀರು ಹಾಕುತ್ತಾರೆ. ಸಮಾಜಶಾಸ್ತ್ರಜ್ಞ ರಾಬರ್ಟ್ ವುಥ್ನೊ ಅವರು 2005ರಲ್ಲಿ ನಡೆಸಿದ ಸಮೀಕ್ಷೆಯ ಲೆಕ್ಕದಂತೆ, ಹೀಗೆ ಕಿರುಯಾತ್ರೆಗೆ ಆ ದೇಶದಿಂದ ಹೊರಟವರು ವರ್ಷವೊಂದಕ್ಕೆ ಸುಮಾರು 16 ಲಕ್ಷ ಜನ. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ, ತನ್ನ ರಜೆಯ ಸುಖವನ್ನು ಬಿಟ್ಟು, ಕಂಡರಿಯದ ಮಕ್ಕಳ ನಡುವೆ ಮಣ್ಣುನೆಲದ ಮೇಲೆ ಕುಳಿತುಕೊಳ್ಳುವುದು ಸಣ್ಣ ಗುಣವಲ್ಲ. ಆದರೆ ಗುಣ ಒಂದು, ಫಲ ಇನ್ನೊಂದು.

ಈ ಕಿರುಯಾತ್ರೆಗಳ ಚರಿತ್ರೆ ಬಹಳ ಹಿಂದಿನದೇನೂ ಅಲ್ಲ. ಹಿಂದೆ ಮಿಷನರಿಯಾಗಿ ಹೊರಟವನು ಆಯುಷ್ಯದ ಬಹುಭಾಗವನ್ನು ಹೊರನಾಡಿಗೆ ಒಪ್ಪಿಸಿ ಹೊರಡುತ್ತಿದ್ದನು. ಹಡಗಿನ ಪ್ರಯಾಣವೇ ತಿಂಗಳುಗಟ್ಟಲೆ. ರಜೆಯಲ್ಲಿ ಹೋಗಿಬರುವ ಮಾತೇ ಇರಲಿಲ್ಲ. ಮೋಟಾರು, ವಿಮಾನಗಳು ದೂರವನ್ನು ನುಂಗಿದ ಮೇಲೆ ಈ ಹೊಸ ಬಗೆ ಹುಟ್ಟಿತು. 1957ರಲ್ಲಿ ಜಾರ್ಜ್ ವರ್ವರ್ ಎಂಬ ಕಾಲೇಜು ವಿದ್ಯಾರ್ಥಿ ಇಬ್ಬರು ಗೆಳೆಯರೊಡನೆ ಸ್ಪ್ಯಾನಿಷ್ ಭಾಷೆಯ ಸುವಾರ್ತೆಯ ಪ್ರತಿಗಳನ್ನು ಹೇರಿಕೊಂಡು ಮೆಕ್ಸಿಕೊಗೆ ಹೋದನು. ಮುಂದೆ ದೊಡ್ಡದಾಗಿ ಬೆಳೆದ ಸಂಸ್ಥೆಯೊಂದಕ್ಕೆ ಅದೇ ಮೊಳಕೆಯಾಯಿತು. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಅವರು ತರುಣರಿಗಾಗಿಯೇ ಮತ್ತೊಂದು ಸಂಸ್ಥೆಯನ್ನು ಕಟ್ಟಿದರು. ರೋಮನ್ ಕ್ಯಾಥೊಲಿಕರಲ್ಲಿಯೂ ಅದೇ ಗಾಳಿ ಬೀಸಿತು. ಉತ್ತರ ಅಮೆರಿಕದ ಮಠಗಳು ತಮ್ಮ ಜನದಲ್ಲಿ ಹತ್ತರಲ್ಲೊಂದು ಪಾಲನ್ನು ಹತ್ತು ವರ್ಷಗಳೊಳಗೆ ಲ್ಯಾಟಿನ್ ಅಮೆರಿಕಕ್ಕೆ ಕಳುಹಿಸಬೇಕೆಂದು 1961ರಲ್ಲಿ ರೋಮಿನಿಂದ ಕರೆ ಬಂತು. ಅದೇ ದಶಕದಲ್ಲಿ ವಿದ್ಯಾರ್ಥಿಗಳೂ ಬೇಸಗೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆಂದು ಹೊರಟರು.

ಅವರನ್ನು ಎದುರುಗೊಂಡ ಒಬ್ಬ ಪಾದ್ರಿಯ ಕಥೆ ಸ್ವಾರಸ್ಯವಾಗಿದೆ. ಇವಾನ್ ಇಲಿಚ್ ಅವರು 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ನ್ಯೂಯಾರ್ಕಿನಲ್ಲಿ ಪ್ಯೂರ್ಟೊ ರಿಕೊದಿಂದ ವಲಸೆ ಬಂದ ಬಡವರ ನಡುವೆ ಪೌರೋಹಿತ್ಯ ಮಾಡಿದವರು. 1961ರಲ್ಲಿ ಅವರು ಮೆಕ್ಸಿಕೊದ ಕ್ವೆರ್ನವಾಕ ಎಂಬಲ್ಲಿ ಒಂದು ಕೇಂದ್ರವನ್ನು ತೆರೆದರು. ಹೊರಗಿನಿಂದ ಸೇವೆಗೆ ಬರುವವರಿಗೆ ಅಲ್ಲಿ ಮೊದಲು ಸ್ಪ್ಯಾನಿಷ್ ಕಲಿಸುತ್ತಿದ್ದರು. ಆ ಪಾಠ ಕಠಿನವಾಗಿತ್ತು. ಭಾಷೆಯ ನೆಪದಲ್ಲಿ ಅವರು ಅಹಂಕಾರವನ್ನೇ ಕರಗಿಸಹೊರಟಿದ್ದರು. ಕರಗದವರು ಅಲ್ಲಿಂದಲೇ ಊರಿಗೆ ಹಿಂದಿರುಗಲಿ ಎಂಬುದು ಅವರ ಒಳಗಿನ ಬಯಕೆ.

1968ರ ಏಪ್ರಿಲ್ ತಿಂಗಳಿನಲ್ಲಿ ಇಂತಹ ವಿದ್ಯಾರ್ಥಿ ಸೇವಕರ ಸಮ್ಮೇಳನವೊಂದರಲ್ಲಿ ಇಲಿಚ್ ಮಾಡಿದ ಭಾಷಣ ಇಂದಿಗೂ ಚರ್ಚೆಗೆ ವಸ್ತುವಾಗಿದೆ. ಅತಿಥಿಯಾಗಿ ಕರೆದವರೆದುರಿಗೇ, ನಿಮ್ಮ ಸದುದ್ದೇಶ ನಮಗೆ ಬೇಡ ಎಂದುಬಿಟ್ಟರು ಅವರು. ಅವರ ವಾದದ ತಿರುಳು ಇಷ್ಟು: ಹಳ್ಳಿಯವರ ಮಾತು ನಿಮಗೆ ಬಾರದು, ನಿಮ್ಮ ವಿಷಯದಲ್ಲಿ ಅವರು ಏನೆಂದುಕೊಳ್ಳುತ್ತಾರೆಂಬುದು ನಿಮಗೆ ತಿಳಿಯುವಂತಿಲ್ಲ, ನೀವು ಅರಿತೋ ಅರಿಯದೆಯೋ ನಿಮ್ಮ ನಾಡಿನ ಅನುಕೂಲಸ್ಥರ ಬಾಳುವೆಯನ್ನೇ ಮಾರಾಟಕ್ಕೆ ತಂದಿದ್ದೀರಿ. ಸೇವೆ ಮಾಡಲೇಬೇಕೆಂದಿದ್ದರೆ ನಿಮ್ಮ ಊರಿನ ಬಡವರಲ್ಲಿಯೇ ಮಾಡಿ; ಬೇಡವೆನಿಸಿದಾಗ ಅವರು ನಿಮ್ಮದೇ ಭಾಷೆಯಲ್ಲಿ 'ತೊಲಗಿ' ಎಂದು ಹೇಳಬಲ್ಲರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ. ಉದ್ಧಾರ ಮಾಡಲು ಮಾತ್ರ ಬರಬೇಡಿ.

ಮಾತು ಖಾರವಾಯಿತು, ನಿಜ. ಆದರೂ ಪಾಠ ಹೇಳುವ ಕೆಲಸದಲ್ಲಿ ಬಹುಕಾಲ ಕಳೆದವನಾದ್ದರಿಂದ, ಆ ಖಾರದೊಳಗೆ ಸತ್ಯದ ಅಂಶ ಬಹಳವಿದೆಯೆಂದು ನನಗೆ ತೋರುತ್ತದೆ. ಗೋಡೆಗೆ ಬಣ್ಣ ಬಳಿಯುವುದಕ್ಕೆ ಭಾಷೆ ಬೇಕಾಗಿಲ್ಲ. ಪಾಠ ಹೇಳುವುದಕ್ಕೆ ಬೇಕು. ಮಗು ತಪ್ಪು ಉತ್ತರ ಕೊಟ್ಟಾಗ ಆ ತಪ್ಪು ಎಲ್ಲಿಂದ ಬಂತೆಂದು ತಿಳಿಯುವುದೇ ಬೋಧನೆಯ ಮರ್ಮ. ಅದಕ್ಕೆ ಮಗುವಿನ ಮನೆಯ ಮಾತು ತಿಳಿದಿರಬೇಕು. ನಿನ್ನೆ ಅದು ಏನು ಹೇಳಿತ್ತೆಂಬುದು ನೆನಪಿರಬೇಕು. ನಾಳೆ ಅದರ ಮುಂದೆ ನಿಲ್ಲುವವರು ನಾವೇ ಎಂಬ ಜವಾಬ್ದಾರಿಯಿರಬೇಕು. ಹದಿನೈದು ದಿನದ ಗುರುವಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅವನು ಬಂದಾಗ ನಿತ್ಯದ ಪಾಠ ನಿಲ್ಲುತ್ತದೆ. ಸ್ವಾಗತ, ಹಾಡು, ಭಾವಚಿತ್ರಗಳು ನಡೆಯುತ್ತವೆ. ಊರಿನ ಉಪಾಧ್ಯಾಯ ತನ್ನ ತರಗತಿಯಲ್ಲಿಯೇ ಮೂಲೆಗೆ ಸರಿದು ನಿಲ್ಲುತ್ತಾನೆ. ದೂರದಿಂದ ವಿಮಾನದಲ್ಲಿ ಬಂದವರೇ ದೊಡ್ಡವರು, ದಿನವೂ ನಡೆದುಬರುವ ನಮ್ಮ ಮೇಷ್ಟ್ರು ಸಣ್ಣವರು ಎಂಬ ಪಾಠವನ್ನು ಮಕ್ಕಳು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತಾರೆ. ಬಂದವರು ಹೊರಟ ಮೇಲೂ ಈ ಪಾಠ ಉಳಿಯುತ್ತದೆ. ನನ್ನ ಆತಂಕವೆಲ್ಲ ಇದರ ವಿಷಯವೇ.

ಹಣದ ಮಾತನ್ನೂ ಆಡದೆ ಗತಿಯಿಲ್ಲ. ಶಾಲೆಯ ಕೆಲಸವನ್ನು ಅಳೆಯುವುದು ಕಷ್ಟ. ಮನೆ ಕಟ್ಟುವ ಕೆಲಸವನ್ನು ಅಳೆಯಬಹುದು. 1998ರಲ್ಲಿ ಹೊಂಡುರಾಸ್ ದೇಶವನ್ನು ಮಿಚ್ ಎಂಬ ಚಂಡಮಾರುತ ಹಾಳುಗೆಡವಿತು. ಮನೆ ಕಳೆದುಕೊಂಡವರಿಗಾಗಿ ಅಲ್ಲಿನ ಸಂಸ್ಥೆಗಳೂ ಮನೆ ಕಟ್ಟಿಸಿದವು. ಉತ್ತರ ಅಮೆರಿಕದ ಚರ್ಚುಗಳ ತಂಡಗಳೂ ಬಂದು ಕಟ್ಟಿದವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಇವೆರಡನ್ನೂ ಹೋಲಿಸಿ 2006ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸ್ಥಳೀಯರ ಕೈಯಲ್ಲಿ ಮನೆಯೊಂದಕ್ಕೆ ತಗಲುತ್ತಿದ್ದುದು ಸುಮಾರು 2,000 ಡಾಲರು. ಹೊರಗಿನ ತಂಡದ ಪ್ರಯಾಣದ ವೆಚ್ಚವೂ ಸೇರಿದರೆ ಸುಮಾರು 30,000. ಆ ಮನೆಗಳಲ್ಲಿ ವಾಸವಾಗಿದ್ದವರ ಬಾಳಿನಲ್ಲಿ, ಕಟ್ಟಿದವರು ಯಾರೆಂಬುದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಸ್ವತಃ ಕ್ರೈಸ್ತರೂ ಕ್ರೈಸ್ತ ಕಾಲೇಜಿನ ಅಧ್ಯಾಪಕರೂ ಆದ ವೆರ್ ಬೀಕ್ ಅವರನ್ನು ಧರ್ಮದ್ವೇಷಿಯೆಂದು ಯಾರೂ ದೂರುವಂತಿಲ್ಲ. ಒಬ್ಬ ತರುಣನ ವಿಮಾನದ ದರದಿಂದ ಹಳ್ಳಿಯ ಉಪಾಧ್ಯಾಯನ ಎಷ್ಟು ತಿಂಗಳ ಸಂಬಳ ಹೊರಡುತ್ತದೆಯೆಂದು ವಾಚಕರೇ ಊಹಿಸಬಹುದು.

ಹಾಗಾದರೆ ಹೊರಗಿನವರು ಹಳ್ಳಿಯ ಶಾಲೆಗೆ ಕಾಲಿಡಲೇಬಾರದೆ? ಈ ಪ್ರಶ್ನೆಗೆ ಮೆಕ್ಸಿಕೊದ ಚರಿತ್ರೆಯೇ ಎರಡು ಉತ್ತರಗಳನ್ನು ಕೊಡುತ್ತದೆ. ಮೊದಲನೆಯದು ಹದಿನಾರನೆಯ ಶತಮಾನದ್ದು. ಪೇದ್ರೊ ದೆ ಗಾಂತೆ ಎಂಬ ಫ್ರಾನ್ಸಿಸ್ಕನ್ ಸಹೋದರರು ಇಂದಿನ ಬೆಲ್ಜಿಯಮ್ಮಿನ ಗೆಂಟ್ ಪಟ್ಟಣದ ಕಡೆಯವರು. ಅವರು 1523ರಲ್ಲಿ ಮೆಕ್ಸಿಕೊಗೆ ಬಂದು ತೆಸ್ಕೊಕೊದಲ್ಲಿಯೂ ಬಳಿಕ ಮೆಕ್ಸಿಕೊ ನಗರದಲ್ಲಿಯೂ ಅಲ್ಲಿನ ಮೂಲನಿವಾಸಿಗಳ ಮಕ್ಕಳಿಗೆ ಪಾಠ ಹೇಳಿದರು. ಓದುಬರಹದ ಜತೆಗೆ ಸಂಗೀತವನ್ನೂ ಕೈಕಸಬುಗಳನ್ನೂ ಕಲಿಸಿದರು. ಮಾತನಾಡುವಾಗ ಅವರಿಗೆ ತೊದಲಿತ್ತಂತೆ. ಆದರೂ ಜನರ ನಾವಾಟ್ಲ್ ಭಾಷೆಯನ್ನು ಕಲಿತು, ಅದರಲ್ಲಿ ಒಂದು ಧರ್ಮಬೋಧೆಯ ಪುಸ್ತಕವನ್ನೂ ಬರೆದರು. 1572ರಲ್ಲಿ ಅಲ್ಲಿಯೇ ತೀರಿಕೊಂಡರು. ದಂಡೆತ್ತಿ ಬಂದ ಸ್ಪೇನಿನ ಬೆನ್ನ ಹಿಂದೆಯೇ ಬಂದವರು ಅವರು. ಹಳೆಯ ದೇವರುಗಳನ್ನು ಅಳಿಸುವುದೂ ಅವರ ಕೆಲಸವಾಗಿತ್ತೆಂಬುದನ್ನು ಮರೆಯಬಾರದು. ಆದರೆ ಗುರುವಾಗುವ ಮುನ್ನ ಶಿಷ್ಯನಾಗಬೇಕೆಂಬುದನ್ನು ಅವರು ತಿಳಿದಿದ್ದರು.

ಎರಡನೆಯ ಉತ್ತರ ಇಪ್ಪತ್ತನೆಯ ಶತಮಾನದ್ದು. ಕ್ರಾಂತಿಯ ಬಳಿಕ ಮೆಕ್ಸಿಕೊದಲ್ಲಿ 1921ರಲ್ಲಿ ಶಿಕ್ಷಣ ಮಂತ್ರಾಲಯ ಸ್ಥಾಪಿತವಾಯಿತು. ಹೊಸೆ ವಾಸ್ಕೊನ್ಸೆಲೊಸ್ ಅದರ ಮಂತ್ರಿಗಳಾದರು. ಹಳೆಯ ಕ್ರೈಸ್ತ ಸನ್ಯಾಸಿಗಳ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಸರಕಾರ 'ಸಾಂಸ್ಕೃತಿಕ ಮಿಷನ್'ಗಳನ್ನು ಹೊರಡಿಸಿತು. ಮೊದಲ ತಂಡ 1923ರಲ್ಲಿ ಇದಾಲ್ಗೊ ಪ್ರಾಂತದ ಸಕ್ವಾಲ್ತಿಪಾನ್ ಎಂಬ ಊರಿಗೆ ಹೋಯಿತು. ಅದರಲ್ಲಿ ಬೋಧನಕ್ರಮ ಬಲ್ಲವರಿದ್ದರು. ಬೇಸಾಯ, ಸಾಬೂನು ತಯಾರಿಕೆ, ಚರ್ಮ ಹದಮಾಡುವುದು, ಸಂಗೀತ ಮುಂತಾದವುಗಳನ್ನು ಬಲ್ಲವರೂ ಇದ್ದರು. ಅವರೂ ಅಲ್ಲಿ ತಂಗಿದ್ದುದು ಕೆಲವು ವಾರ ಮಾತ್ರ. ಆದರೆ ಅವರು ಕಲಿಸಲು ಬಂದದ್ದು ಸುತ್ತಣ ಹಳ್ಳಿಗಳ ಉಪಾಧ್ಯಾಯರಿಗೆ. ಬಂದವರು ಹೊರಟರು, ಕಲಿತವರು ಅಲ್ಲಿಯೇ ಉಳಿದರು. ಕಿರುಯಾತ್ರೆಯೂ ಸಾರ್ಥಕವಾಗಬಲ್ಲ ದಾರಿ ಇದು: ಉಳಿಯುವವನ ಕೈಯನ್ನು ಬಲಪಡಿಸುವುದು.

ಆ ಪ್ರಯತ್ನದಲ್ಲಿಯೂ ಒಂದು ಕೊರತೆಯಿತ್ತು. ಮೊದಲ ತಂಡದಲ್ಲಿದ್ದ ರಾಫಾಯೆಲ್ ರಾಮಿರೆಸ್ ಎಂಬ ಶಿಕ್ಷಣತಜ್ಞರು, ಮೂಲನಿವಾಸಿಗಳ ಮಕ್ಕಳಿಗೆ ಸ್ಪ್ಯಾನಿಷಿನಲ್ಲಿಯೇ ಪಾಠ ನಡೆಯಬೇಕು, ಉಪಾಧ್ಯಾಯ ಅವರ ಮಾತನ್ನಾಡಕೂಡದು ಎಂಬ ಅಭಿಪ್ರಾಯದವರಾಗಿದ್ದರು. ಸ್ವದೇಶದವನೂ ತನ್ನ ಮಕ್ಕಳಿಗೆ ಪರಕೀಯನಾಗಬಲ್ಲನೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ದೂರವೆಂಬುದು ಹರದಾರಿಗಳಲ್ಲಿಲ್ಲ, ನಾಲಗೆಯಲ್ಲಿದೆ.

ಕನ್ನಡಿಗರಿಗೆ ಇದು ಅಪರಿಚಿತ ವಿಷಯವೇನೂ ಅಲ್ಲ. ಬಾಸೆಲ್ ಮಿಷನ್ನಿನ ಮೊದಲ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಅವರಿಗೆ ಆಗ ಇಪ್ಪತ್ತೈದರ ಪ್ರಾಯ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ ಇಪ್ಪತ್ತೊಂದು. ಇಂದು ಕಿರುಯಾತ್ರೆಗೆ ಹೊರಡುವ ತರುಣರಿಗಿಂತ ಅವರು ಬಹಳ ದೊಡ್ಡವರೇನಲ್ಲ. ಅವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಅವರು ಮುಚ್ಚಿಡಲಿಲ್ಲ. ಅವರ ಶಾಲೆಗಳನ್ನು ಊರು ಒಂದೇ ಮನಸ್ಸಿನಿಂದ ಒಪ್ಪಿಕೊಂಡಿತೆಂದೂ ಹೇಳಲಾಗದು. 1844ರಲ್ಲಿ ಆನಂದರಾವ್ ಕೌಂಡಿನ್ಯ ಮೊದಲಾದ ತರುಣರು ಕ್ರೈಸ್ತಮತಕ್ಕೆ ಸೇರಿದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಶಾಲೆಯ ಬಾಗಿಲಿನಲ್ಲಿ ನಿಂತ ತಂದೆತಾಯಿಗಳಿಗೆ, ಮಗ ಕಲಿತು ಬರುವನೋ, ನಮ್ಮಿಂದ ಕಳೆದುಹೋಗುವನೋ ಎಂಬ ಭಯ ಹುಟ್ಟಿತು. ಆ ಭಯ ನ್ಯಾಯವಾದದ್ದು.

ಆದರೂ ಆ ಜರ್ಮನರನ್ನು ಕನ್ನಡ ಮರೆಯಲಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರು ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಅವರಿಗೆ ನೆರವಾದ ಗೆಳೆಯ ಗಾಟ್‌ಫ್ರೀಡ್ ವೈಗ್ಲೆ ಅವರು 1855ರಲ್ಲಿ ತೀರಿಕೊಂಡರು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದಿತು. ಮೊದಲ ಸಲ ಈ ನೆಲದ ಮೇಲೆ ಕಾಲಿಟ್ಟು ಅಷ್ಟು ಹೊತ್ತಿಗೆ ನಾಲ್ವತ್ತೊಂದು ವರ್ಷ ಕಳೆದಿತ್ತು. ಕಲಿಸಲು ಬಂದವರು ಕಲಿತದ್ದೇ ಹೆಚ್ಚಾಯಿತು; ನಮಗೆ ಅವರಿಂದ ಉಳಿದಿರುವುದೂ ಮುಖ್ಯವಾಗಿ ಅವರು ಕಲಿತದ್ದೇ.

ಇಂದಿನ ತರುಣರಿಂದ ನಾಲ್ವತ್ತು ವರ್ಷಗಳನ್ನು ಕೇಳುವುದು ಅತಿಯಾಯಿತು, ಕಾಲ ಬದಲಾಗಿದೆ. ಕ್ರೈಸ್ತ ಸಂಸ್ಥೆಗಳೊಳಗೇ ಆತ್ಮಪರೀಕ್ಷೆ ನಡೆದಿದೆ ಎಂಬುದನ್ನು ಮೆಚ್ಚಬೇಕು. 2003ರಲ್ಲಿ ಅಮೆರಿಕದ ಹಲವು ಸಂಸ್ಥೆಗಳು ಕೂಡಿ ಕಿರುಯಾತ್ರೆಗಳಿಗೆ ನಿಯಮಾವಳಿಯೊಂದನ್ನು ರಚಿಸಿಕೊಂಡವು. ನೆರವೇ ಹೇಗೆ ಕೇಡಾಗಬಲ್ಲದೆಂಬುದನ್ನು ಕುರಿತು ಸ್ಟೀವ್ ಕಾರ್ಬೆಟ್ ಮತ್ತು ಬ್ರಯನ್ ಫಿಕರ್ಟ್ ಎಂಬ ಇಬ್ಬರು ಕ್ರೈಸ್ತ ವಿದ್ವಾಂಸರು 2009ರಲ್ಲಿ ಪುಸ್ತಕವನ್ನೇ ಬರೆದರು.

ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎರಡು ವಾರ ಮಾತ್ರ ಉಳ್ಳವನಿಗೆ ಹಳ್ಳಿಯ ಶಾಲೆಯಲ್ಲಿ ಒಂದೇ ಒಂದು ಯೋಗ್ಯವಾದ ಕೆಲಸವಿದೆಯೆಂದು ನನ್ನ ನಂಬಿಕೆ. ಅವನು ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಲಿ. ಅಂಗಳದ ಮರಕ್ಕೆ ನಿಮ್ಮಲ್ಲಿ ಏನೆನ್ನುತ್ತೀರೆಂದು ಕೇಳಲಿ. ಅವರು ಹೇಳಿದ್ದನ್ನು ತಪ್ಪಾಗಿ ಉಚ್ಚರಿಸಲಿ. ಅವರು ನಕ್ಕು ತಿದ್ದಲಿ. ಮುಂದೆ ನಿಂತಿರುವ ಉಪಾಧ್ಯಾಯ, ದೂರದಿಂದ ಬಂದವರೂ ಬಂದು ಕೂರಬೇಕಾದ ತರಗತಿ ತನ್ನದೆಂಬುದನ್ನು ಕಾಣಲಿ. ಆ ಮಕ್ಕಳಿಗೆ ಅಂದು ಸಿಕ್ಕುವ ಪಾಠ ದೊಡ್ಡದು: ತಮ್ಮಲ್ಲಿಯೂ ಪರರಿಗೆ ಕಲಿಸುವಂಥದುಂಟು.