ಬಲೆಯೊಳಗಿನ ಹಕ್ಕಿ

ಸಂಜೆಯ ಜಪಸರ ಮುಗಿದು ಮನೆಮಂದಿಯೆಲ್ಲ ಮಲಗಿದ ಮೇಲೂ ಒಬ್ಬರು ಎಚ್ಚರವಾಗಿಯೇ ಇರುತ್ತಾರೆ. ತೀರದ ಸಾಲ, ವೈದ್ಯರಿಂದ ಬರಬೇಕಾದ ವರದಿ, ಮಗನ ಪರೀಕ್ಷೆಯ ಫಲಿತಾಂಶ, ಎಂದೋ ಮಾಡಿದ ತಪ್ಪೊಂದರ ನೆನಪು - ಕಾರಣ ಯಾವುದೇ ಇರಲಿ, ಭಯವು ಎದೆಯ ಮೇಲೆ ಕಲ್ಲಾಗಿ ಕುಳಿತಿರುತ್ತದೆ. ಮನೆಗಳ ಆಶೀರ್ವಾದಕ್ಕೆ ಹೋದಾಗ ಇಂತಹವರು ತಗ್ಗಿದ ದನಿಯಲ್ಲಿ ನಮ್ಮನ್ನು ಕೇಳುವುದುಂಟು: "ಫಾದರ್, ಎಷ್ಟು ಪ್ರಾರ್ಥಿಸಿದರೂ ಭಯ ಹೋಗುತ್ತಿಲ್ಲ. ನನ್ನಲ್ಲಿ ವಿಶ್ವಾಸ ಕಡಿಮೆಯೇ?"

ಈ ಪ್ರಶ್ನೆಗೆ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಬಾಳೇ ಉತ್ತರವಾಗಿದೆ. 1567ರಲ್ಲಿ ಸವಾಯ್ ನಾಡಿನಲ್ಲಿ ಜನಿಸಿದ ಅವರು ಪ್ಯಾರಿಸ್ಸಿನಲ್ಲಿ ಯೇಸುಸಭೆಯ ಗುರುಗಳ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದರು. ಯಾರು ರಕ್ಷಣೆ ಹೊಂದುವರು, ಯಾರು ನಾಶವಾಗುವರು ಎಂಬುದನ್ನು ದೇವರು ಮೊದಲೇ ಗೊತ್ತುಮಾಡಿರುವರೇ ಎಂಬ ವಾದವು ಆ ಕಾಲದ ಪಂಡಿತರ ನಡುವೆ ಕಾವೇರಿತ್ತು. 1586ರ ಕೊನೆಯಲ್ಲಿ, 19 ವರ್ಷದ ಆ ತರುಣನನ್ನು ತಾನು ನರಕಕ್ಕೇ ಮೀಸಲಾದವನೇನೋ ಎಂಬ ಭಯ ಹಿಡಿಯಿತು. ಸುಮಾರು 6 ವಾರ ಅನ್ನ ಸೇರಲಿಲ್ಲ, ನಿದ್ರೆ ಹತ್ತಲಿಲ್ಲ. ಗಮನಿಸಿ, ಅವರು ಪ್ರಾರ್ಥನೆ ಬಿಟ್ಟವರಲ್ಲ. ದೇವರನ್ನು ಪ್ರೀತಿಸದವನಿಗೆ ದೇವರನ್ನು ಕಳೆದುಕೊಳ್ಳುವ ಭಯವೆಲ್ಲಿಯದು?

1587ರ ಜನವರಿಯಲ್ಲಿ ಅವರು ಸಂತ ಸ್ತೇಫಾನರ ದೇವಾಲಯವೊಂದನ್ನು ಹೊಕ್ಕು, ಬಿಡುಗಡೆಯ ಮಾತೆ ಎಂದು ಜನರು ಕರೆಯುತ್ತಿದ್ದ ಮರಿಯಮ್ಮನವರ ಕಪ್ಪು ಸ್ವರೂಪದ ಮುಂದೆ ಮೊಣಕಾಲೂರಿದರು. ಪರಲೋಕದಲ್ಲಿ ದೇವರನ್ನು ಪ್ರೀತಿಸುವ ಭಾಗ್ಯ ತಮಗಿರಲಿ ಇಲ್ಲದಿರಲಿ, ಬದುಕಿರುವಷ್ಟು ದಿನವಾದರೂ ಪ್ರೀತಿಸುವೆನೆಂದು ತಮ್ಮನ್ನು ಒಪ್ಪಿಸಿಕೊಟ್ಟರು. 'ಮೆಮೊರಾರೆ' ಪ್ರಾರ್ಥನೆಯನ್ನು ಹೇಳಿದರು. ಭಯ ಕಳಚಿಬಿತ್ತು. ಇದು ವಾದದಲ್ಲಿ ದೊರೆತ ಜಯವಲ್ಲ. ಪಂಡಿತರ ಪ್ರಶ್ನೆ ಹಾಗೆಯೇ ಉಳಿಯಿತು. ನಾಳೆ ನನ್ನ ಗತಿಯೇನು ಎಂದು ಭಯವು ಕೇಳುತ್ತದೆ. ಇಂದು ಯಾರನ್ನು ಪ್ರೀತಿಸಲಿ ಎಂದು ಪ್ರೀತಿಯು ಕೇಳುತ್ತದೆ. ಆ ತರುಣ ಮೊದಲನೆಯ ಪ್ರಶ್ನೆಯನ್ನು ದೇವರಿಗೆ ಬಿಟ್ಟು ಎರಡನೆಯದನ್ನು ಕೈಗೆತ್ತಿಕೊಂಡ.

ಮುಂದೆ 1602ರಲ್ಲಿ ಜಿನೀವಾದ ಧರ್ಮಾಧ್ಯಕ್ಷರಾದ ಅವರು, ಕುಟುಂಬಸ್ಥರಿಗಾಗಿ ಭಕ್ತಿಜೀವನವನ್ನು ಕುರಿತು 1609ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನಸ್ಸಿನ ಕಳವಳಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಬಲೆಗೆ ಬಿದ್ದ ಹಕ್ಕಿ ಗಾಬರಿಯಿಂದ ರೆಕ್ಕೆ ಬಡಿದಷ್ಟೂ ನೂಲು ಬಿಗಿಯುತ್ತದೆ. ಭಯವನ್ನು ಬಲವಂತದಿಂದ ಹೊರದೂಡಲು ಹೊರಟವರ ಪಾಡೂ ಇದೇ.

ಹಾಗಾದರೆ ಮಾಡಬೇಕಾದುದೇನು? ಮೊದಲು, ಭಯವನ್ನು ಅದರ ಹೆಸರಿನಿಂದಲೇ ದೇವರ ಮುಂದೆ ಹೇಳೋಣ. "ಕಷ್ಟ ನಿವಾರಿಸು" ಎಂಬುದಕ್ಕಿಂತ "ಪ್ರಭುವೇ, ಈ ಸಾಲಕ್ಕೆ ಹೆದರುತ್ತಿದ್ದೇನೆ" ಎಂಬುದು ಹೆಚ್ಚು ಪ್ರಾಮಾಣಿಕವಾದ ಪ್ರಾರ್ಥನೆ. ಎರಡನೆಯದಾಗಿ, ನಂಬಿಕೆಯ ಒಬ್ಬರೊಡನೆ ಬಾಯಿಬಿಟ್ಟು ಹೇಳೋಣ. ಮನದ ದುಗುಡವನ್ನು ಆತ್ಮಗುರುವಿಗೆ ತಿಳಿಸುವುದೇ ಉತ್ತಮ ಮದ್ದು ಎಂಬುದು ಸಂತರ ಸಲಹೆ. ಹಳೆಯ ಪಾಪದ ಭಾರವಾದರೆ ಪಾಪನಿವೇದನೆಯ ಸಂಸ್ಕಾರವಿದೆ. ಪ್ರಭು ಯೇಸುವೇ ಗೆತ್ಸೆಮನಿ ತೋಪಿನಲ್ಲಿ ತಮ್ಮ ಸಂಕಟವನ್ನು ಮೂವರು ಶಿಷ್ಯರಿಗೆ ಹೇಳಿಕೊಂಡರಲ್ಲವೇ? ಮೂರನೆಯದಾಗಿ, ಆ ಹೊತ್ತಿನ ಚಿಕ್ಕ ಕರ್ತವ್ಯವೊಂದನ್ನು ಪ್ರೀತಿಯಿಂದ ಮಾಡೋಣ: ಮಗುವಿಗೆ ಪಾಠ ಹೇಳಿಕೊಡುವುದು, ವೃದ್ಧ ತಾಯಿಗೆ ಊಟ ಬಡಿಸುವುದು.

ಒಂದು ಮಾತು. ವಾರಗಟ್ಟಲೆ ನಿದ್ರೆಯಿಲ್ಲದೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅವರ ವಿದ್ಯೆಯೂ ದೇವರ ಕೊಡುಗೆಯೇ. ಮಾತ್ರೆ ನುಂಗುವುದು ಅವಿಶ್ವಾಸವಲ್ಲ.

ಈ ರಾತ್ರಿ ನಿದ್ರೆ ಬಾರದೆ ಹೊರಳುತ್ತಿರುವ ಸಹೋದರ ಸಹೋದರಿಯರೇ, ನಿಮ್ಮ ವಿಶ್ವಾಸ ಕಡಿಮೆಯಲ್ಲ. ರೆಕ್ಕೆ ಬಡಿಯುವುದನ್ನು ನಿಲ್ಲಿಸಿ. ಬಲೆಯನ್ನು ಬಿಡಿಸುವ ಕೈ ಹತ್ತಿರದಲ್ಲೇ ಇದೆ. ಮುಂಜಾನೆ, ಮನೆಯಲ್ಲಿ ಒಬ್ಬರಿಗಾದರೂ ನಿಮ್ಮ ಭಯವನ್ನು ಹೇಳಿ.