ಟಾನ್ಸಿಲ್ ಶಸ್ತ್ರಚಿಕಿತ್ಸೆ: ತಾಯಂದಿರು ತಿಳಿದಿರಬೇಕಾದದ್ದು

ಮಗುವಿಗೆ ಪದೇ ಪದೇ ಗಂಟಲು ನೋವು ಬಂದರೆ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. 'ಟಾನ್ಸಿಲ್ ತೆಗೆಸಿಬಿಡಿ' ಎನ್ನುವವರು ಕೆಲವರು. 'ತೆಗೆಸಿದರೆ ಸ್ವರ ಹೋಗುತ್ತದೆ' ಎನ್ನುವವರು ಇನ್ನು ಕೆಲವರು. ಎರಡೂ ಅವಸರದ ಮಾತುಗಳು.

ರೋಗಾಣುಗಳನ್ನು ತಡೆಯಲು ಅಲ್ಲಾಹನು ಗಂಟಲಿನ ಇಕ್ಕೆಲಗಳಲ್ಲಿ ಇಟ್ಟಿರುವ ಕಾವಲುಗಾರರೇ ಟಾನ್ಸಿಲ್‌ಗಳು. ಒಂದೆರಡು ಸಲ ಊದಿಕೊಂಡರೆ ಔಷಧವೇ ಸಾಕು. ಒಂದು ವರ್ಷದಲ್ಲಿ 7 ಬಾರಿ, ಸತತ 2 ವರ್ಷ ತಲಾ 5 ಬಾರಿ ಅಥವಾ 3 ವರ್ಷ ತಲಾ 3 ಬಾರಿ ತೀವ್ರ ಸೋಂಕಾದರೆ ವೈದ್ಯರು ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ. ನಿದ್ರೆಯಲ್ಲಿ ಗೊರಕೆಯೊಂದಿಗೆ ಉಸಿರು ಕಟ್ಟುತ್ತಿದ್ದರೂ ಅಷ್ಟೇ. ಆದ್ದರಿಂದ ಜ್ವರ, ಗಂಟಲು ನೋವು ಬಂದ ದಿನಾಂಕಗಳನ್ನು ಬರೆದಿಡಿ.

ಈ ಚಿಕಿತ್ಸೆ ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆ ಕೊರ್ಡೋವಾದ ವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ 'ಅತ್ತಸ್ರೀಫ್' ಗ್ರಂಥದಲ್ಲಿ, ನಾಲಗೆಯನ್ನು ಒತ್ತಿ ಹಿಡಿದು, ಟಾನ್ಸಿಲ್‌ಗೆ ಕೊಕ್ಕೆ ಹಾಕಿ ಕತ್ತರಿಸುವ ವಿಧಾನವನ್ನು ವಿವರಿಸಿದ್ದರು.

ಇಂದು ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ತೆಗೆಯುತ್ತಾರೆ. ಹೊರಗೆ ಗಾಯವಾಗುವುದಿಲ್ಲ. ಹಳೆಯ ವಿಧಾನದಲ್ಲಿ ಉಪಕರಣದಿಂದ ಬಿಡಿಸಿ ರಕ್ತನಾಳ ಕಟ್ಟುತ್ತಾರೆ. ವಿದ್ಯುತ್ ಶಾಖದಿಂದ ತೆಗೆದರೆ ಆ ಹೊತ್ತಿನ ರಕ್ತಸ್ರಾವ ಕಡಿಮೆ, ಆದರೆ ನಂತರದ ನೋವು ಹೆಚ್ಚಿರಬಹುದು. ಕೋಬ್ಲೇಶನ್‌ನಲ್ಲಿ ಉಪ್ಪುನೀರು ಮತ್ತು ರೇಡಿಯೋ ತರಂಗಗಳಿಂದ ಕಡಿಮೆ ಶಾಖದಲ್ಲಿ ಕೆಲಸವಾಗುತ್ತದೆ. ತೆಳುವಾದ ಹೊರಪದರವನ್ನು ಉಳಿಸಿ ತೆಗೆಯುವ ಕ್ರಮದಲ್ಲಿ ನೋವು ಕಡಿಮೆ. ಆದರೆ ಟಾನ್ಸಿಲ್ ಮತ್ತೆ ಬೆಳೆಯುವ ಅಲ್ಪ ಸಾಧ್ಯತೆ ಇರುತ್ತದೆ.

ಯಾವ ವಿಧಾನವಾದರೂ ಮನೆಯ ಎಚ್ಚರಿಕೆ ತಾಯಿಯದೇ. ಗಂಟಲಲ್ಲಿ ಬಿಳಿ ಪೊರೆ ಕಾಣುವುದು ಸಹಜ, ಅದನ್ನು ಕೆರೆಯಬೇಡಿ. ಗಂಜಿ, ಮೊಸರನ್ನ, ನೀರು ಧಾರಾಳವಾಗಿ ಕೊಡಿ. ಆಸ್ಪಿರಿನ್ ಕೊಡಬೇಡಿ. ಪೊರೆ ಕಳಚುವ 5ರಿಂದ 10ನೇ ದಿನದ ನಡುವೆ ಮತ್ತೆ ರಕ್ತ ಬರಬಹುದು. ಉಗುಳಿನಲ್ಲಿ ಕೆಂಪು ರಕ್ತ ಕಂಡರೆ, ಮಗು ನಿದ್ದೆಯಲ್ಲಿ ಪದೇ ಪದೇ ನುಂಗುತ್ತಿದ್ದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಅಂಬಾಜಿದುರ್ಗದಂತಹ ಹೋಬಳಿಯ ಹಳ್ಳಿಗಳಲ್ಲಿ ರಾತ್ರಿ ವಾಹನ ಸಿಗುವುದು ಸುಲಭವಲ್ಲ. ಚಿಂತಾಮಣಿಗೆ, ಅಲ್ಲಿಂದ ಕೋಲಾರಕ್ಕೋ ಬೆಂಗಳೂರಿಗೋ ಹೋಗಬೇಕಾಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆಯೇ ವಾಹನದ ವ್ಯವಸ್ಥೆ ಮಾಡಿಟ್ಟುಕೊಳ್ಳಿ. 108ಕ್ಕೂ ಕರೆ ಮಾಡಬಹುದು. ಸಾಧ್ಯವಾದರೆ ಆ ಹತ್ತು ದಿನ ಪಟ್ಟಣದ ಬಂಧುಗಳ ಮನೆಯಲ್ಲಿರಿ.

ಸ್ವರ ಹೋಗುವುದಿಲ್ಲ. ದೇಹದ ಇತರ ಗ್ರಂಥಿಗಳು ರಕ್ಷಣೆಯನ್ನು ಮುಂದುವರಿಸುತ್ತವೆ. ಚಿಕಿತ್ಸೆ ಮಾಡಿಸಿಕೊಳ್ಳುವಂತೆ ಪ್ರವಾದಿ(ಸ) ಕಲಿಸಿದ್ದಾರೆ. ಪ್ರಾರ್ಥನೆಯ ಜೊತೆ ಮುಂಜಾಗ್ರತೆಯೂ ಇರಲಿ, ಗುಣ ಕೊಡುವವನು ಅಲ್ಲಾಹನು.