ಫೋಟೊ ಹಿಡಿಯದ್ದನ್ನು ಎಐ ಎಲ್ಲಿಂದ ತರಬೇಕು?

"ಫೋಟೊದಾಗ ಎಲ್ಲಾ ಇರತೈತ್ರಿ, ನಮ್ಮ ಕಣ್ಣಿಗೆ ಕಾಣಂಗಿಲ್ಲ ಅಷ್ಟ. ಎಐ ಅದನ್ನ ಹೊರಗ ತೆಗೀತೈತಿ."

ಸಿರುಗುಪ್ಪದ ಗೊಬ್ಬರದಂಗಡಿಗಳ ಮುಂದೆ, ಕುರುಗೋಡಿನ ಮೆಣಸಿನಕಾಯಿ ಕಣಗಳಲ್ಲಿ ಈಗ ಇದೇ ಮಾತು. ಮೊಬೈಲಿನಲ್ಲಿ ಎಲೆಯ ಫೋಟೊ ಹೊಡೆದರೆ ಸಾರಜನಕ ಗೊತ್ತಾಗುತ್ತದಂತೆ, ಒಣಗಿದ ಕಾಯಿಯದು ಹೊಡೆದರೆ ತೇವಾಂಶ, ಅದಿರಿನದು ಹೊಡೆದರೆ ಕಬ್ಬಿಣದ ಪ್ರಮಾಣ. ಓದಿದವರೂ ಹೀಗೆ ಹೇಳಿದಾಗ ನನಗೆ ಸಹನೆ ಉಳಿಯುವುದಿಲ್ಲ. ಏಕೆಂದರೆ ಅವರು ಸಾಕ್ಷಿಗೆ ಎಳೆದು ತರುವುದು ನಿಜವಾದ ಸಂಶೋಧನೆಯನ್ನೇ. ಮಾಮೂಲಿ ಬಣ್ಣದ ಚಿತ್ರದಿಂದ ಬೆಳಕಿನ ರೋಹಿತವನ್ನು, ಅಂದರೆ ಒಂದೊಂದು ತರಂಗಾಂತರದಲ್ಲಿ ಬೆಳಕು ಎಷ್ಟಿದೆ ಎಂಬುದನ್ನು, ಮರಳಿ ಕಟ್ಟುವ ವಿಷಯದಲ್ಲಿ ಪಿಎಚ್‌.ಡಿ. ಪ್ರಬಂಧಗಳು ಬಂದಿವೆ, 2018, 2020, 2022ರಲ್ಲಿ ಎನ್‌ಟಿಐಆರ್‌ಇ ಎಂಬ ಅಂತರರಾಷ್ಟ್ರೀಯ ಕಾರ್ಯಾಗಾರದಲ್ಲಿ ಇದಕ್ಕೇ ಸ್ಪರ್ಧೆ ನಡೆದಿದೆ. ಆ ಕೆಲಸ ಸುಳ್ಳಲ್ಲ. ಅದರಿಂದ ತೆಗೆದ ತೀರ್ಮಾನ ಸುಳ್ಳು.

ಮೊಬೈಲ್ ಕ್ಯಾಮೆರಾದ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ ಜಾಲವಿರುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಕೊನೆಗೆ ಚಿತ್ರದ ಒಂದೊಂದು ಬಿಂದುವಿಗೂ ಉಳಿಯುವುದು ಮೂರೇ ಸಂಖ್ಯೆ. ಸ್ಪರ್ಧೆಯಲ್ಲಿ ಕೇಳಿದ್ದು 400ರಿಂದ 700 ನ್ಯಾನೊಮೀಟರ್ ತನಕ, ಹತ್ತಕ್ಕೊಂದರಂತೆ 31 ಸಂಖ್ಯೆ. ಸಂತೆಯಿಂದ ಬಂದ ಮೂರು ಚೀಲಗಳ ತೂಕ ಹೇಳಿ, ಒಳಗಿರುವ 31 ಸಾಮಾನು ತಲಾ ಎಷ್ಟೆಷ್ಟು ಎಂದು ಕೇಳಿದ ಹಾಗೆ. ಆ ಮನೆಯವರು ವಾರವಾರ ಏನು ಕೊಳ್ಳುತ್ತಾರೆಂದು ಬಲ್ಲವನು ಹತ್ತಿರದ ಊಹೆ ಮಾಡಿಯಾನು. ಆದರೆ ಅದು ಊಹೆ, ತೂಗಿ ಹೇಳಿದ್ದಲ್ಲ.

ಸಂಶೋಧಕರು ಮಾಡುವುದೂ ಅಂಥ ಊಹೆಯನ್ನೇ. ಎಲೆ, ಮಣ್ಣು, ಚರ್ಮಗಳಿಂದ ಹೊಮ್ಮುವ ಬೆಳಕು ತರಂಗಾಂತರದಿಂದ ತರಂಗಾಂತರಕ್ಕೆ ಥಟ್ಟನೆ ಏರಿಳಿಯುವುದಿಲ್ಲ, ನುಣುಪಾಗಿ ಸಾಗುತ್ತದೆ. ಕೆಲವೇ ಮೂಲ ರೂಪಗಳನ್ನು ಬೆರೆಸಿ ಅದನ್ನು ಹೆಚ್ಚುಕಡಿಮೆ ಕಟ್ಟಬಹುದು. ಇದು 1960ರ ದಶಕದಿಂದಲೂ ಗೊತ್ತಿರುವ ಸಂಗತಿ. ಸಾವಿರಾರು ಮಾದರಿ ನೋಡಿದ ಎಐ ಜಾಲ, ಅಂಥದೇ ದೃಶ್ಯ ಬಂದಾಗ ಚೆನ್ನಾಗಿಯೇ ಊಹಿಸುತ್ತದೆ. ತಾನು ಕಾಣದ ವಸ್ತು ಎದುರಾದರೆ? ಆಗಲೂ ಒಂದು ನುಣುಪಾದ ಗೆರೆ ಎಳೆದು ಕೊಡುತ್ತದೆ. ಅಪಾಯ ಇರುವುದು ಇಲ್ಲಿಯೇ. ಎರಡು ಬೇರೆ ಬೇರೆ ರೋಹಿತಗಳು ಕ್ಯಾಮೆರಾಕ್ಕೆ ಅದೇ ಮೂರು ಸಂಖ್ಯೆ ಕೊಡಬಹುದು. ಉದಾಹರಣೆಗೆ ಕಲಬೆರಕೆಯನ್ನೇ ನೋಡಿ: 2003ರಲ್ಲಿ ಭಾರತದ ಖಾರದ ಪುಡಿಯಲ್ಲಿ ಸುಡಾನ್ ಎಂಬ ಕೈಗಾರಿಕಾ ಬಣ್ಣ ಸಿಕ್ಕಿದ್ದರಿಂದ ಯುರೋಪ್ ತಪಾಸಣೆ ಬಿಗಿ ಮಾಡಿತು. ಅಂಥ ಬಣ್ಣವನ್ನು ಕೆಂಪು ಹೊಂದುವಂತೆ ಬೆರೆಸಿದ ಪುಡಿಯನ್ನು ಶುದ್ಧ ಪುಡಿಯನ್ನಷ್ಟೇ ಕಂಡ ಜಾಲಕ್ಕೆ ತೋರಿಸಿದರೆ, ಅದು ಶುದ್ಧ ಮೆಣಸಿನಕಾಯಿಯ ರೋಹಿತವನ್ನೇ ಬರೆದುಕೊಡುತ್ತದೆ. ಕಲಬೆರಕೆ ಹಿಡಿಯಬೇಕಾದ ಕಡೆಯೇ ಅದು ಕುರುಡು.

ಇನ್ನು ತೇವಾಂಶ. ನೀರು ತನ್ನ ಗುರುತು ಬಿಡುವುದು 970, 1450, 1940 ನ್ಯಾನೊಮೀಟರ್‌ಗಳ ಸುತ್ತ. ಊಹಿಸಿದ 31 ಸಂಖ್ಯೆಯೂ 700ಕ್ಕೇ ಮುಗಿಯುತ್ತದೆ. ಅದರಾಚೆಯ ಬೆಳಕು ಸೆನ್ಸರಿಗೆ ತಾಗದಂತೆ ಮೊಬೈಲಿನಲ್ಲಿ ತಡೆಗಾಜನ್ನೇ ಕೂರಿಸಿರುತ್ತಾರೆ. ಸಂಡೂರಿನ ಅದಿರಿನ ಕಥೆಯೂ ಅಷ್ಟೇ. ಕಬ್ಬಿಣದ ಅದಿರಾದ ಹೆಮಟೈಟ್ ಬೆಳಕು ಹೀರುವ ಒಂದು ಮುಖ್ಯ ಗುರುತು 860ರ ಆಸುಪಾಸಿನಲ್ಲಿದೆ. ಬಣ್ಣವಂತೂ ನಂಬುವಂಥದ್ದೇ ಅಲ್ಲ: ಅದೇ ಹೆಮಟೈಟ್ ಗಟ್ಟಿಯಾಗಿದ್ದಾಗ ಉಕ್ಕಿನ ಬೂದುಬಣ್ಣ, ಪುಡಿಯಾದಾಗ ಕೆಂಪು. ಸ್ವಲ್ಪವೇ ಹೆಮಟೈಟ್ ಬೆರೆತ ಮಣ್ಣೂ ಕೆಂಪಗೆ ಕಾಣುತ್ತದೆ.

ಹಾಗಾದರೆ ಎಲೆಯ ಬಣ್ಣಕ್ಕೆ ಬೆಲೆಯೇ ಇಲ್ಲವೇ? ಇದೆ. ಭತ್ತಕ್ಕೆ ಯೂರಿಯಾ ಯಾವಾಗ ಹಾಕಬೇಕೆಂದು ತಿಳಿಯಲು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಎಲೆ ಬಣ್ಣದ ಪಟ್ಟಿ ಕೆಲಸ ಮಾಡುವುದು ಬಣ್ಣದಿಂದಲೇ. ಆದರೆ ಅಲ್ಲಿ ಹೋಲಿಸಲು ಗೊತ್ತಾದ ಹಸಿರು ಪಕ್ಕದಲ್ಲೇ ಇರುತ್ತದೆ, ಮೈನೆರಳಿನಲ್ಲಿ ಹಿಡಿದು ನೋಡಬೇಕೆಂಬ ನಿಯಮವಿದೆ. ಮೊಬೈಲಿನಲ್ಲಿ ಬೆಳಗಿನ ಬಿಸಿಲಿಗೊಂದು ಬಣ್ಣ, ಮಧ್ಯಾಹ್ನಕ್ಕೊಂದು ಬಣ್ಣ. ಬಿಳಿಯ ಹೊಂದಾಣಿಕೆಯನ್ನು (ವೈಟ್ ಬ್ಯಾಲೆನ್ಸ್) ಅದು ನಮ್ಮನ್ನು ಕೇಳದೆ ಮಾಡಿಬಿಟ್ಟಿರುತ್ತದೆ. ರೋಗ ಗುರುತಿಸುವ ಆ್ಯಪ್‌ಗಳು ನೋಡುವುದು ಹೆಚ್ಚಾಗಿ ಚುಕ್ಕೆ, ಮುಟುರು, ಹಳದಿ ಎಲ್ಲಿಂದ ಶುರುವಾಗಿದೆ ಎಂಬ ಆಕಾರವನ್ನು, ರೋಹಿತವನ್ನಲ್ಲ. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ, ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ ಎಂಬ ಗುಮಾನಿ ಅನುಭವಿ ರೈತನಿಗೂ ಬರುತ್ತದೆ.

ಮೆಗಾಪಿಕ್ಸೆಲ್ ಹೆಚ್ಚಾದರೆ ಬಿಂದುಗಳು ಹೆಚ್ಚುತ್ತವೆ, ಶೋಧಕಗಳು ಮೂರೇ ಇರುತ್ತವೆ. ಎನ್‌ಡಿವಿಐ ಎಂಬ, ಬೆಳೆಯ ಹಸಿರನ್ನು ಅಂದಾಜಿಸುವ ಲೆಕ್ಕಕ್ಕೆ ಅವಕೆಂಪು ಬೆಳಕು ಬೇಕು, ಅದು ಸಾಮಾನ್ಯ ಫೋಟೊದಲ್ಲಿಲ್ಲ. ಇಸ್ರೊ 2018ರ ನವೆಂಬರ್‌ನಲ್ಲಿ ರೋಹಿತ ಅಳೆಯಲೆಂದೇ ಹಾರಿಸಿದ ಹೈಸಿಸ್ ಉಪಗ್ರಹದ ಕೆಲಸ ಜೇಬಿನ ಮೊಬೈಲಿನಲ್ಲೇ ಆಗುವಂತಿದ್ದರೆ ಆ ಉಪಗ್ರಹವೇ ಬೇಕಿರಲಿಲ್ಲ.

ಪರದೆಯ ಮೇಲೆ ದಶಮಾಂಶದ ಸಮೇತ ಒಂದು ಅಂಕಿ ಮೂಡಿದರೆ ಅದನ್ನು ಅಳತೆಯೆಂದು ನಂಬಿಬಿಡುತ್ತೇವೆ. ಹೇಗೆ ಅಳೆದಿರಿ, ಯಾವುದಕ್ಕೆ ಹೋಲಿಸಿ ನೋಡಿದಿರಿ ಎಂದು ಕೇಳುವವರಿಲ್ಲ. ತೂಕದ ಯಂತ್ರದ ಮುಳ್ಳು ಒಂದು ಗೆರೆ ಆಚೀಚೆಯಾದರೆ ಜಗಳಕ್ಕೆ ನಿಲ್ಲುವ ಊರಿನಲ್ಲಿ ಇದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಆ ಅಂಕಿಯ ಮೇಲೆ ಯೂರಿಯಾ ಚೀಲ ಒಡೆಯುತ್ತದೆ, ಕಾಯಿಯ ದರ ಇಳಿಯುತ್ತದೆ.

ಹಗರಿಯ ಕೃಷಿ ವಿಜ್ಞಾನ ಕೇಂದ್ರ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ದೂರವಿಲ್ಲ. ಎಲೆಯನ್ನೇ, ಮಣ್ಣನ್ನೇ ಹಿಡಿದುಕೊಂಡು ಹೋಗಿ ಕೇಳಿ. ಮೆಣಸಿನಕಾಯಿಯ ಬಣ್ಣ ಅಳೆಯಲು ಅಸ್ಟಾ ಎಂಬ ಒಪ್ಪಿತ ಕ್ರಮವಿದೆ: ಪುಡಿಯ ಬಣ್ಣವನ್ನು ಅಸಿಟೋನಿನಲ್ಲಿ ಇಳಿಸಿ, 460 ನ್ಯಾನೊಮೀಟರಿನಲ್ಲಿ ಎಷ್ಟು ಬೆಳಕು ಹೀರುತ್ತದೆಂದು ನೋಡುತ್ತಾರೆ. ಫೋಟೊ ನೋಡಿ ಬಣ್ಣ ಕಡಿಮೆ ಎಂದು ಯಾರಾದರೂ ದರ ಇಳಿಸಿದರೆ ಒಪ್ಪಬೇಡಿ, ಅಸ್ಟಾ ವರದಿ ಕೇಳಿ.